ಮೂಗಿಗಿಂತ ಮೂಗುತಿ ಭಾರ

ಹೊಸದಾಗಿ ಮದುವೆಯಾದವನಿಗೂ ಹೊಸದಾಗಿ ವಾಹನ ಕೊಂಡವನಿಗೂ ಒಂದು ಸಾಮ್ಯವುಂಟು. ಇಬ್ಬರಿಗೂ ಬುದ್ಧಿ ಹೇಳಲು ಊರಿಗೆ ಊರೇ ಎದ್ದು ನಿಲ್ಲುತ್ತದೆ. ಮೊದಲನೆಯವನ ಪಾಡನ್ನು ಬರೆಯುವ ಯೋಗ್ಯತೆ ನನಗಿನ್ನೂ ಬಂದಿಲ್ಲ. ಎರಡನೆಯವನ ಪಾಡನ್ನು ಮಾತ್ರ ಚೆನ್ನಾಗಿ ಬಲ್ಲೆನಾದ್ದರಿಂದ ಅದನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

೨೦೨೩ರಲ್ಲಿ ಶುಂಠಿಗೆ ನಮ್ಮ ಕಡೆಯವರು ಬಹುಕಾಲ ನೆನಪಿಟ್ಟುಕೊಳ್ಳುವಂಥ ಬೆಲೆ ಬಂದಿತು. ನಮ್ಮಪ್ಪ ಅರ್ಧ ಎಕರೆ ಶುಂಠಿ ಕಿತ್ತು ಮಾರಿ, ಸಾಲ ತೀರಿಸಿ, ಉಳಿದ ಹಣದಲ್ಲಿ ನನಗೊಂದು ನೂರು ಸಿ.ಸಿ.ಯ ಮೋಟಾರ್ ಸೈಕಲ್ಲನ್ನು ಕೊಡಿಸಿದರು. ನಮ್ಮ ಹಳ್ಳಿ ಹಾಸನ-ಹೊಳೆನರಸೀಪುರದ ರಸ್ತೆಯಿಂದ ಮೂರು ಮೈಲಿ ಒಳಗಿದೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಲ ಪೀರಿಯಡ್ಡಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆಗಳೇ ತುಂಬಿದ್ದವು. ಗಾಡಿ ಎಲ್ಲ ಖರ್ಚು ಸೇರಿ ೯೦,೦೦೦ ರೂಪಾಯಿಯ ಆಸುಪಾಸಿಗೆ ಬಂತು. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಅಪ್ಪ ಒಂದೇ ಒಂದು ಮಾತು ಹೇಳಿದರು: "ಮೂರು ವರ್ಷ ಆದ್ಮೇಲೂ ಗಾಡಿ ಹಿಂಗೇ ಇರ್ಬೇಕು ಕಣ್ಲಾ. ನಿನ್ ತಂಗಿ ಓದಿಗೆ ಮಾರಬೇಕಾದ್ರೂ ಬೆಲೆ ಸಿಗ್ಬೇಕು." ಹೀಗೆ ಹೇಳಿ, 'ಎಕ್ಸ್‌ಟ್ರಾ ಫಿಟ್ಟಿಂಗ್'ಗೆಂದು ೪,೦೦೦ ರೂಪಾಯಿಯನ್ನು ನನ್ನ ಕೈಗೆ ಕೊಟ್ಟರು.

ಆ ಎರಡು ಪದಗಳಲ್ಲಿ ಎಂಥ ಪ್ರಪಂಚ ಅಡಗಿದೆ ಎಂಬುದು ಅಂಗಡಿಯ ಮೆಟ್ಟಿಲು ಹತ್ತಿದವನಿಗೇ ಗೊತ್ತು. ಗೋಡೆಯ ತುಂಬ ಕನ್ನಡಿಗಳು, ಹಾರನ್ನುಗಳು, ಬಣ್ಣಬಣ್ಣದ ದೀಪಗಳು, ಹಿಡಿಕೆಗೆ ತೊಡಿಸುವ ಕೈಗವಸುಗಳು. ಗಾಡಿಯ ಸೀಟಿಗೆ ಒಂದು ಅಂಗಿ, ಟ್ಯಾಂಕಿಗೆ ಒಂದು ಅಂಗಿ, ಅವೆರಡರ ಮೇಲೆ ಮಳೆಗೊಂದು ದೊಡ್ಡ ಕಂಬಳಿ! ಕಾಲೇಜಿನ ಮಿತ್ರರು ಮೂವರು ಜೊತೆಗಿದ್ದರು. ಒಬ್ಬನು ದೀಪದ ಪಕ್ಷ, ಒಬ್ಬನು ಹಾರನ್ನಿನ ಪಕ್ಷ. ಮೂರನೆಯವನು ಸೈಲೆನ್ಸರನ್ನೇ ಬದಲಾಯಿಸಿ ಗುಡುಗಿನ ಸದ್ದು ಬರಿಸಬೇಕೆಂಬ ತೀವ್ರಗಾಮಿ. ಮೂವರೂ ಒಂದು ವಿಷಯದಲ್ಲಿ ಮಾತ್ರ ಏಕಮತದವರಾಗಿದ್ದರು. ಹಿಂಬದಿಯ ಚಕ್ರದ ಪಕ್ಕಕ್ಕೆ ಷೋರೂಮಿನವರು ಕೂರಿಸಿದ್ದ ಸೀರೆ ಗಾರ್ಡನ್ನು ಕೂಡಲೇ ಬಿಚ್ಚಿಸಬೇಕು. ಅದಿದ್ದರೆ ಗಾಡಿ 'ಅಂಕಲ್ ಗಾಡಿ'ಯಾಗಿ ಕಾಣುತ್ತದೆ.

ನಾನು ಮಾಡಿದ ಖರ್ಚಿನ ಪಟ್ಟಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಮುಂದಿನ ಕ್ರ್ಯಾಶ್ ಗಾರ್ಡಿಗೆ ೯೦೦, ಸೀಟ್ ಕವರಿಗೆ ೩೫೦, ಟ್ಯಾಂಕ್ ಕವರಿಗೆ ೨೫೦, ಜೋಡಿ ಎಲ್.ಇ.ಡಿ. ದೀಪಕ್ಕೆ ೧,೨೦೦, ಹಾರನ್ನಿಗೆ ೫೦೦, ಮೊಬೈಲ್ ಹೋಲ್ಡರಿಗೆ ೩೦೦, ಮಡ್ ಫ್ಲಾಪಿಗೆ ೨೦೦, ಸ್ಟಿಕ್ಕರಿಗೆ ೧೫೦. ಒಟ್ಟು ೩,೮೫೦ ರೂಪಾಯಿ. ಉಳಿದ ೧೫೦ರಲ್ಲಿ ನಾಲ್ವರೂ ಹಂಚಿಕೊಂಡು ಮಸಾಲೆದೋಸೆ ತಿಂದೆವು. ಸೀರೆ ಗಾರ್ಡನ್ನು ಬಿಚ್ಚಿದ್ದಕ್ಕೆ ಅಂಗಡಿಯವನು ಕಾಸು ಕೇಳಲಿಲ್ಲ. ಅದನ್ನು ಮನೆಗೆ ತಂದು ಕೊಟ್ಟಿಗೆಯ ಮೊಳೆಗೆ ನೇತುಹಾಕಿದೆ. ಅವ್ವ ಅದನ್ನು ನೋಡಿ, ಏನೋ ಜಾಲರಿಯೆಂದು ತಿಳಿದು, ಕೋಳಿಮರಿಗಳ ಮಂಕರಿಗೆ ಅಡ್ಡ ಇಟ್ಟುಕೊಂಡಳು.

ಸೈಲೆನ್ಸರಿನ ವಿಷಯದಲ್ಲಿ ನನ್ನನ್ನು ಕಾಪಾಡಿದವರು ನಮ್ಮ ಮೆಕ್ಯಾನಿಕ್ ಸಾಬರು. ಮೋಟಾರು ವಾಹನಗಳ ಕಾಯ್ದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಕೂಡದು. ಹೀಗೆ ಬದಲಾಯಿಸಿದ ಸೈಲೆನ್ಸರುಗಳನ್ನು ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದುಂಟು. ಸಾಬರು ಕಾಯ್ದೆಯ ಮಾತೆತ್ತಲಿಲ್ಲ. ಹಿಂದಿನ ಟೈರನ್ನು ದಪ್ಪದ್ದಕ್ಕೆ ಬದಲಾಯಿಸುವ ನನ್ನ ಇನ್ನೊಂದು ಆಸೆಯನ್ನೂ ಸೇರಿಸಿಕೊಂಡು, "ಕಂಪನಿಯೋರು ತೂಕ ಹಾಕಿ, ಓಡಿಸಿ ನೋಡಿ ಕೂರ್ಸಿರೋದನ್ನ ನೀನು ಕಣ್ಣಳತೇಲಿ ತಿದ್ದಬೇಡಪ್ಪ. ದಪ್ಪ ಟೈರು ಹಾಕಿದ್ರೆ ಅಕ್ಕಪಕ್ಕ ಉಜ್ಜುತ್ತೆ, ಪೆಟ್ರೋಲು ಜಾಸ್ತಿ ಕುಡಿಯುತ್ತೆ, ಗಾಡಿ ಭಾರ ಆಗುತ್ತೆ," ಎಂದಷ್ಟೇ ಹೇಳಿದರು. ಸೀರೆ ಗಾರ್ಡು ಇಲ್ಲದಿರುವುದನ್ನು ಕಂಡು, "ಮನೇಲಿ ಹೆಂಗಸ್ರಿಲ್ವಾ?" ಎಂದೂ ಕೇಳಿದರು. ನಾನು ನಕ್ಕು ಸುಮ್ಮನಾದೆ.

ಆಭರಣಗಳು ತಮ್ಮ ಗುಣವನ್ನು ಒಂದೊಂದಾಗಿ ತೋರಿಸತೊಡಗಿದವು. ಜೋಡಿ ದೀಪಗಳಿಗಾಗಿ ಕಂಪನಿಯ ವೈರನ್ನು ಕತ್ತರಿಸಿ, ನಡುವೆ ತಿರುಚಿ, ಟೇಪು ಸುತ್ತಿದ್ದರು. ಒಂದು ರಾತ್ರಿ ಸೋನೆಮಳೆಯಲ್ಲಿ ಆ ಜಾಗಕ್ಕೆ ನೀರಿಳಿದು ಫ್ಯೂಸು ಹೋಗಿ, ಹೊಸ ದೀಪವೂ ಇಲ್ಲ, ಹಳೆಯ ದೀಪವೂ ಇಲ್ಲ! ಎರಡು ಮೈಲಿ ಗಾಡಿಯನ್ನು ತಳ್ಳಿಕೊಂಡು ಬಂದೆ. ಅದು ಉರಿಯುತ್ತಿದ್ದಾಗಲಾದರೂ ಉಪಕಾರವಾಯಿತೆ? ಎದುರಿಗೆ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ನಮ್ಮೂರ ಹಿರಿಯರೊಬ್ಬರು ಕಣ್ಣು ಕೋರೈಸಿ ದಾರಿ ಕಾಣದೆ, ನನ್ನ ವಂಶದ ಮೂರು ತಲೆಮಾರನ್ನು ಸ್ಮರಿಸಿದರು. ಕ್ರ್ಯಾಶ್ ಗಾರ್ಡೊಂದು ಮಾತ್ರ ಗಟ್ಟಿಯಾಗಿತ್ತು. ಅದರ ಗಟ್ಟಿತನ ಪರೀಕ್ಷೆಗೆ ಬಂದ ದಿನವನ್ನು ಈಗ ಹೇಳಬೇಕಾಗಿದೆ.

೨೦೨೪ರ ಫೆಬ್ರವರಿಯಲ್ಲಿ ನಮ್ಮ ಸೋದರತ್ತೆಯ ಮಗಳ ಮದುವೆ. ಅವ್ವ ತನ್ನ ಮದುವೆಯ ರೇಷ್ಮೆ ಸೀರೆಯನ್ನುಟ್ಟು, ತಲೆ ತುಂಬ ಹೂ ಮುಡಿದು, ನನ್ನ ಹಿಂದೆ ಒಂದು ಪಕ್ಕಕ್ಕೆ ಕಾಲು ಬಿಟ್ಟುಕೊಂಡು ಕುಳಿತಳು. ಒಂದು ಕೈಯಲ್ಲಿ ಉಡುಗೊರೆಯ ಚೀಲ, ಇನ್ನೊಂದು ನನ್ನ ಹೆಗಲ ಮೇಲೆ. ನನ್ನ ತಲೆಯ ಮೇಲೆ ಷೋರೂಮಿನ ಹೆಲ್ಮೆಟ್ಟಿತ್ತು. ಅವಳ ತಲೆಯ ಮೇಲೆ ಮಲ್ಲಿಗೆಯಿತ್ತು. ಊರಾಚೆಯ ಹಂಪು ದಾಟಿ ವೇಗ ಏರಿಸುತ್ತಿದ್ದಂತೆ ಗಾಳಿಗೆ ಸೆರಗು ಜಾರಿತು. ಹಿಂದಿನಿಂದ ಯಾರೋ ಜಗ್ಗಿದಂತೆ ಹೆಗಲ ಮೇಲಿನ ಕೈ ಒಮ್ಮೆಲೇ ಸರಿದುಹೋಯಿತು. ನಾನು ಬ್ರೇಕು ಹಾಕಿದೆ; ಗಾಡಿ ಎಡಕ್ಕೆ ವಾಲಿ ಮಲಗಿತು. ಎದ್ದು ನೋಡುತ್ತೇನೆ, ಅವ್ವ ಡಾಂಬರಿನ ಮೇಲೆ ಬಿದ್ದಿದ್ದಾಳೆ. ಸೆರಗು ಚಕ್ರಕ್ಕೂ ಚೈನಿಗೂ ಸುತ್ತಿಕೊಂಡು ಹಗ್ಗದಂತೆ ಹುರಿಯಾಗಿದೆ.

ಪಕ್ಕದ ಹೊಲದಲ್ಲಿದ್ದವರು ಓಡಿಬಂದರು. ಇಬ್ಬರು ಕುಡುಗೋಲಿನಿಂದ ಸೆರಗು ಕೊಯ್ದು ಅವ್ವನನ್ನು ಎತ್ತಿ ಕೂರಿಸಿದರು. ಮತ್ತೊಬ್ಬ ಪುಣ್ಯಾತ್ಮನು ಗಾಡಿಯನ್ನೆತ್ತಿ ನಿಲ್ಲಿಸಿ, ಸುತ್ತಲೂ ನೋಡಿ, ನನಗೆ ಸಮಾಧಾನವಾಗಲೆಂದೇ ಹೇಳಿದನು: "ಸದ್ಯ, ಗಾಡಿಗೇನೂ ಆಗಿಲ್ಲ ಬುಡಪ್ಪ. ಗಾರ್ಡ್ ಹಾಕ್ಸಿದ್ದು ಒಳ್ಳೇದಾಯ್ತು." ಅವನು ಹೇಳಿದ್ದು ನಿಜವಾಗಿತ್ತು. ಟ್ಯಾಂಕಿನ ಮೇಲೆ ಒಂದು ಗೀರೂ ಇರಲಿಲ್ಲ. ಅವ್ವನ ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಕಿವಿಯ ಮೇಲೆ ಏಳು ಹೊಲಿಗೆ ಬಿದ್ದವು. ಆಸ್ಪತ್ರೆಗೆ ಅಪ್ಪ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಬೆಳಗಿಂದ ಏನೂ ತಿಂದಿರಲಿಲ್ಲ, ತಲೆ ಸುತ್ತು ಬಂದು ಕೈ ಬಿಟ್ಬುಟ್ಟೆ," ಎಂದಳು. ನಾನು ಅವಳ ಆ ಮಾತನ್ನು ಸುಳ್ಳೆಂದು ಹೇಳಲಿಲ್ಲ.

ಅವ್ವನ ಕೈಗೆ ಪಟ್ಟಿ ಹಾಕಿದ್ದ ಆ ಆರು ವಾರಗಳಲ್ಲಿ ನಾನು ಓದಬೇಕಾಗಿದ್ದ ಪಠ್ಯವನ್ನು ಬಿಟ್ಟು ಬೇರೆಯದನ್ನೇ ಓದಿದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೆಯ ನಿಯಮ ಎಂಬುದೊಂದಿದೆ. ದ್ವಿಚಕ್ರ ವಾಹನಕ್ಕೆ ಹಿಂಬದಿಯ ಸವಾರನು ಹಿಡಿದುಕೊಳ್ಳಲು ಭದ್ರವಾದ ಹಿಡಿ, ಕಾಲಿಡಲು ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ರಕ್ಷಣೆ, ಈ ಮೂರೂ ಇರಲೇಬೇಕೆಂದು ಅದು ವಿಧಿಸುತ್ತದೆ. ನಾನು ಚೆಂದಕ್ಕಾಗಿ ಬಿಚ್ಚಿ ಕೋಳಿಮರಿಗೆ ಕೊಟ್ಟದ್ದು ಈ ಮೂರನೆಯದನ್ನು. ಅದೇ ನಿಯಮಾವಳಿಯ ೧೩೮ನೆಯ ನಿಯಮದ ಪ್ರಕಾರ, ಗಾಡಿ ಕೊಳ್ಳುವಾಗ ಪ್ರಮಾಣಿತ ಹೆಲ್ಮೆಟ್ಟೊಂದನ್ನು ತಯಾರಕರೇ ಒದಗಿಸಬೇಕು. ನನ್ನ ಬಿಲ್ಲಿನಲ್ಲಿ ಅದಕ್ಕೆ ಬೇರೆಯಾಗಿ ಹಣ ಹಾಕಿದ್ದರು. ಗಾಡಿಯ ಸಂಭ್ರಮದಲ್ಲಿ ನಾನು ಕೇಳಲೂ ಇಲ್ಲ. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವೆಂಬುದು ನಮ್ಮ ರಾಜ್ಯದಲ್ಲಿ ೨೦೧೬ರ ಜನವರಿಯಿಂದ ಜಾರಿಗೆ ಬಂದ ಮಾತು. ಹಳ್ಳಿಯ ರಸ್ತೆಯಲ್ಲಿ ಅದನ್ನು ಕೇಳುವವರಿಲ್ಲವೆಂದು ನಾವೂ ಕೇಳಿಕೊಳ್ಳಲಿಲ್ಲ.

ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ, ೨೦೨೨ರಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತವರು ನಮ್ಮ ದೇಶದಲ್ಲಿ ೫೦,೦೨೯ ಮಂದಿ. ಅವರಲ್ಲಿ ೧೪,೩೩೭ ಮಂದಿ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತವರು. ಆ ಸಂಖ್ಯೆಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಕೈಯಲ್ಲಿ ಚೀಲ ಹಿಡಿದು, ಒಂದು ಪಕ್ಕಕ್ಕೆ ಕುಳಿತ ತಾಯಂದಿರ ಸಾಲು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯು, ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡಾ ೪೨ರಷ್ಟೂ ತಲೆಯ ಪೆಟ್ಟಿನ ಸಂಭವವನ್ನು ಶೇಕಡಾ ೬೯ರಷ್ಟೂ ತಗ್ಗಿಸುತ್ತದೆಂದು ಹೇಳಿದೆ. ಜೋಡಿ ದೀಪದ ೧,೨೦೦ ರೂಪಾಯಿಯಲ್ಲಿ ಅವ್ವನಿಗೊಂದು ಒಳ್ಳೆಯ ಹೆಲ್ಮೆಟ್ಟು ಬಂದು ಚಿಲ್ಲರೆಯೂ ಉಳಿಯುತ್ತಿತ್ತು.

ಪಟ್ಟಿ ಬಿಚ್ಚಿದ ಮೇಲೆ ಅವ್ವನನ್ನು ಕರೆದುಕೊಂಡು ಹೋಗಿ ಅದನ್ನೇ ಕೊಂಡೆ. ಈ ಸಲ ಸಲಹೆಗಾರರು ಸಾಬರೊಬ್ಬರೇ. ರಸ್ತೆಬದಿಯಲ್ಲಿ ಇನ್ನೂರು ರೂಪಾಯಿಗೆ ಸಿಕ್ಕುವುದು ಹೆಲ್ಮೆಟ್ಟಲ್ಲ, ಟೋಪಿ ಎಂದು ಅವರು ಮೊದಲೇ ಎಚ್ಚರಿಸಿದ್ದರು. ೨೦೨೧ರ ಜೂನ್ ಒಂದರಿಂದ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ಮಾರುವುದೇ ಅಪರಾಧ. ಮುದ್ರೆಯ ಮೇಲ್ಗಡೆ ಐ.ಎಸ್. ೪೧೫೧ ಎಂದೂ ಕೆಳಗಡೆ ಲೈಸೆನ್ಸಿನ ಸಂಖ್ಯೆಯೂ ಇರಬೇಕು. ಬರಿಯ ಮುದ್ರೆಯನ್ನು ಯಾರು ಬೇಕಾದರೂ ಅಂಟಿಸಬಲ್ಲರು. ಒಳಗಿನ ಥರ್ಮೊಕೋಲಿನಂಥ ಪದರವು ತಾನು ಜಜ್ಜಿಹೋಗಿ ತಲೆಯ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದ್ದರಿಂದ ಒಮ್ಮೆ ಬಲವಾದ ಪೆಟ್ಟು ತಿಂದದ್ದನ್ನು, ಹೊರಗೆ ಚೆನ್ನಾಗಿಯೇ ಕಂಡರೂ, ಮತ್ತೆ ಹಾಕಿಕೊಳ್ಳಬಾರದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ತಲೆಯೂ ಒಟ್ಟಿಗೆ ಅಲ್ಲಾಡಬೇಕು. ಗದ್ದದ ಪಟ್ಟಿ ಬಿಗಿಯಾಗಿರಬೇಕು. ಅವ್ವ ಅಂಗಡಿಯಲ್ಲಿ ಒಂದೊಂದನ್ನೂ ಹಾಕಿಕೊಂಡು ತಲೆಯಾಡಿಸುತ್ತಿದ್ದಾಗ ಅಂಗಡಿಯ ಹುಡುಗನು, ಇವರಿಗೆ ಯಾವುದೂ ಒಪ್ಪಿಗೆಯಾಗುತ್ತಿಲ್ಲವೆಂದು ತಿಳಿದು ಹೊಸ ಹೊಸದನ್ನು ಇಳಿಸುತ್ತಲೇ ಇದ್ದನು.

ಹೊಸ ಗಾಡಿಗೆ ಏನನ್ನೂ ಸೇರಿಸಬಾರದೆಂದು ನಾನು ಹೇಳುತ್ತಿಲ್ಲ. ಮಸುಕು ಬೆಳಕಿನಲ್ಲಿ ಡೈರಿಗೆ ಹಾಲು ಒಯ್ಯುವ ಕ್ಯಾನುಗಳಿಗೆ ಮಿನುಗುವ ಪಟ್ಟಿ ಅಂಟಿಸಿದ್ದೇನೆ. ಎರಡು ಕಡೆಯ ಕನ್ನಡಿಗಳನ್ನೂ ಸರಿಯಾಗಿ ತಿರುಗಿಸಿಕೊಂಡಿದ್ದೇನೆ. ಕ್ರ್ಯಾಶ್ ಗಾರ್ಡೂ ಇದೆ. ಆದರೆ ಈಗ ಏನನ್ನಾದರೂ ಕೊಳ್ಳುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದು ಕಾಯುವುದು ಗಾಡಿಯನ್ನೋ, ಗಾಡಿಯ ಮೇಲಿರುವವರನ್ನೋ? ೩,೮೫೦ ರೂಪಾಯಿಯ ಪಟ್ಟಿಯನ್ನು ಈ ಪ್ರಶ್ನೆಯಿಂದ ಜರಡಿ ಹಿಡಿದಾಗ ಎರಡನೆಯ ಪಾಲಿಗೆ ಉಳಿದದ್ದು ತೀರ ಅಲ್ಪ.

ಸೀರೆ ಗಾರ್ಡನ್ನು ಕೊಟ್ಟಿಗೆಯಿಂದ ತಂದು, ತೊಳೆದು, ಕೂರಿಸಲು ಹೊರಟ ಸಂಜೆ ಅಪ್ಪ ಪಕ್ಕದಲ್ಲಿ ಬಂದು ನಿಂತರು. ಅಂದು ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅಪ್ಪ ನನ್ನ ಕೈಯಿಂದ ಸ್ಪ್ಯಾನರನ್ನು ತೆಗೆದುಕೊಂಡು ನಟ್ಟು ಬಿಗಿಯುತ್ತ, "ಅವತ್ತೇ ಗೊತ್ತಿತ್ತು ಕಣ್ಲಾ. ಸೆರಗಲ್ಲಿ ಚೈನಿನ ಗ್ರೀಸ್ ಇತ್ತಲ್ಲ," ಎಂದರು. ಮತ್ತೇನೂ ಹೇಳಲಿಲ್ಲ.

ಈಗ ನನ್ನ ಗಾಡಿ ಪಕ್ಕಾ 'ಅಂಕಲ್ ಗಾಡಿ'ಯಾಗಿದೆ. ಮಿತ್ರರು ನಗುತ್ತಾರೆ, ನಗಲಿ. ಅವ್ವನಿಗೆ ಮಾತ್ರ ಒಂದು ದೂರುಂಟು. ಹೆಲ್ಮೆಟ್ಟಿನಿಂದ ಹೂ ಬಾಡುತ್ತದೆಯಂತೆ. ಆದ್ದರಿಂದ ಮದುವೆಮನೆಯವರೆಗೆ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಕಟ್ಟಿ ಚೀಲದಲ್ಲಿ ತರುತ್ತಾಳೆ. ಅಲ್ಲಿಳಿದು ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು, ಗಾಡಿಯ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮುಡಿಯುತ್ತಾಳೆ. ಕನ್ನಡಿಯನ್ನು ಮತ್ತೆ ಸರಿಪಡಿಸಿಕೊಳ್ಳುವ ಕೆಲಸ ನನ್ನದು.