ಕಂಪ್ಲಿಯ ಕೋಟೆ: ಒಂದು ಪತನ, ಎರಡು ನೆನಪು

ಹೊಸಪೇಟೆಗೆ ಬಂದಿಳಿಯುವ ಯಾತ್ರಿಕರಲ್ಲಿ ಬಹುಪಾಲು ಜನ ಹಂಪೆಯ ದಾರಿ ಹಿಡಿಯುತ್ತಾರೆ. ಕಂಪ್ಲಿಯತ್ತ ಹೊರಳುವವರು ವಿರಳ. ಬತ್ತ, ಕಬ್ಬು, ಬಾಳೆಗಳ ಹಸುರನ್ನು ದಾಟಿ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಊರಿನ ಹಳೆಯ ಭಾಗ ಎದುರಾಗುತ್ತದೆ. ಅದಕ್ಕೆ ಇಂದಿಗೂ ‘ಕೋಟೆ’ ಎಂದೇ ಹೆಸರು. ಅದು ಬರಿಯ ಹಾಳು ಸ್ಮಾರಕವಲ್ಲ. ಜನ ಬಾಳುತ್ತಿರುವ ನೆಲೆ. ಒಳಗಿನ ಪಂಪಾಪತಿಯ ಗುಡಿಯಲ್ಲಿ ಪೂಜೆ ನಿಂತಿಲ್ಲ. ಅಣೆಕಟ್ಟೆಯಿಂದ ನೀರು ಹೆಚ್ಚು ಹರಿದಾಗ ಗಂಗಾವತಿಯ ಕಡೆಯ ಸೇತುವೆ ಮುಳುಗುತ್ತದೆ. ಹೊಳೆ ತನ್ನ ಹಳೆಯ ಕಾವಲನ್ನು ನೆನಪಿಸಿಕೊಂಡಂತೆ ತೋರುತ್ತದೆ.

11ನೆಯ ಶತಮಾನದಲ್ಲಿ ಕಂಪಿಲಿ ಕಲ್ಯಾಣದ ಚಾಲುಕ್ಯರ ನೆಲೆವೀಡುಗಳಲ್ಲೊಂದು. ಇಲ್ಲಿದ್ದ ಅವರ ಅರಮನೆಯನ್ನು ನಾಶಮಾಡಿದೆವೆಂದು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಸಾರುತ್ತವೆ. ಊರಿನ ಒಂದು ಸ್ತರ ಹೀಗೆ ಗೆದ್ದವರ ಮಾತಿನಲ್ಲೇ ಉಳಿದಿದೆ.

ಅದರ ಮೇಲಿನ ಸ್ತರ ಕಂಪಿಲದೇವನದು. ಹಂಪೆಯ ಹೇಮಕೂಟದಲ್ಲಿ ಮೆಟ್ಟಿಲು ಮೆಟ್ಟಿಲಾದ ಶಿಖರಗಳನ್ನು ಕಂಡು ಜನರು ಜೈನ ಬಸದಿಗಳೆಂದು ಕರೆಯುವ ಗುಡಿಗಳಿವೆಯಷ್ಟೆ. ಅವುಗಳಲ್ಲೊಂದು ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲ ಕಟ್ಟಿಸಿದ ಶಿವಾಲಯವೆಂದು ಅಲ್ಲಿಯ ಶಾಸನವೇ ತಿಳಿಸುತ್ತದೆ. ಜನಶ್ರುತಿಯನ್ನು ಶಾಸನ ತಿದ್ದುವುದಕ್ಕೆ ಇದೊಂದು ನಿದರ್ಶನ.

ಆದರೆ ಶಾಸನ ಮೌನವಾಗಿರುವೆಡೆ ಏನು ಮಾಡಬೇಕು? ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯವಿತ್ತು 1327ರ ಸುಮಾರಿಗೆ ಕಂಪಿಲ ಅಳಿದ. 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ ಈ ಕಥೆಯನ್ನು ಬರೆದಿಟ್ಟಿದ್ದಾನೆ: ಮರೆಹೊಕ್ಕವನನ್ನು ಅರಸ ಒಪ್ಪಿಸಲಿಲ್ಲ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು, ಅರಸ ಕಾದಿ ಮಡಿದ, ಅವನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ಮತಾಂತರಗೊಂಡರು. ಅವರಲ್ಲಿ ಮೂವರನ್ನು ತಾನೇ ಕಂಡುದಾಗಿಯೂ ಅವನು ಹೇಳುತ್ತಾನೆ.

ಕನ್ನಡದ ನೆನಪು ಬೇರೆ. ನಂಜುಂಡ ಕವಿಯ ಸಾಂಗತ್ಯದಲ್ಲಿ, ಜನಪದರ ಹಾಡುಗಳಲ್ಲಿ ಉಳಿದವನು ಮಗ ಕುಮಾರರಾಮ. ಮಲತಾಯಿ ರತ್ನಾಜಿಯ ಮೋಹಕ್ಕೆ ಮಣಿಯದೆ ಆರೋಪ ಹೊತ್ತವನು, ಕೊನೆಗೆ ಯುದ್ಧದಲ್ಲಿ ಮಡಿದು ದೈವವಾದವನು. ಪ್ರವಾಸಿಯ ಬರಹದಲ್ಲಿ ಮಕ್ಕಳು ಬದುಕುತ್ತಾರೆ, ಹೆಸರು ಬದಲಾಗುತ್ತದೆ. ಕಾವ್ಯದಲ್ಲಿ ಮಗ ಸಾಯುತ್ತಾನೆ, ಹೆಸರು ಉಳಿಯುತ್ತದೆ.

ಒಂದನ್ನು ಸತ್ಯವೆಂದೂ ಮತ್ತೊಂದನ್ನು ಕಲ್ಪನೆಯೆಂದೂ ವಿಂಗಡಿಸುವುದು ಸುಲಭ. ಆದರೆ ಸೋತ ನಾಡಿಗೆ ತನ್ನ ಸೋಲನ್ನು ಹೇಳಿಕೊಳ್ಳಲು ಒಬ್ಬ ನಿಷ್ಕಳಂಕ ಮಗ ಬೇಕಾಗಿದ್ದನೆಂಬುದೂ ಇತಿಹಾಸವೇ. ಕೋಟೆಯ ಕಲ್ಲುಗಳಲ್ಲಿ ಅದು ಸಿಗುವುದಿಲ್ಲ. ಹಾಡಿನಲ್ಲಿ ಮಾತ್ರ ಸಿಗುತ್ತದೆ.