ಹಂಡೆಯಲ್ಲಿ ಬೆಂದ ಹುಲ್ಲು

ಗೀಸರ್ ಬಂದ ಮೇಲೆ ನಮ್ಮ ಬಚ್ಚಲಿನ ಹಂಡೆ ಆರೇಳು ವರ್ಷ ಸುಮ್ಮನೆ ಕೂತಿತ್ತು. 2022ರ ಮೇ ತಿಂಗಳ ಒಂದು ಭಾನುವಾರ ಅದರ ಅಡಿಗೆ ಮತ್ತೆ ತೆಂಗಿನ ಸಿಪ್ಪೆ ಹಾಕಿ ಬೆಂಕಿ ಹಿಡಿಸಿದೆ. ಒಳಗೆ ತುಂಬಿದ್ದು ಎರಡಿಂಚು ಉದ್ದಕ್ಕೆ ಕತ್ತರಿಸಿದ ಬೈಹುಲ್ಲು. ಹೊಗೆ ನೋಡಿ ಎದ್ದು ಬಂದ ಅಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿದಳು, "ದನ ಕೊಟ್ಟು ಹದಿನೈದು ವರ್ಷ ಆಯ್ತು. ಈಗ ಯಾರಿಗೆ ಬೇಯಿಸುವುದು ನೀನು ಹುಲ್ಲು?"

"ಅಣಬೆಗೆ" ಅಂದೆ.

"ಅಣಬೆಯನ್ನು ಬೇಯಿಸುವುದು ಗೊತ್ತುಂಟು. ಅಣಬೆಗೆ ಬೇಯಿಸುವುದು ಇದೇ ಮೊದಲು ಕೇಳಿದ್ದು."

ಅಪ್ಪ ಹೋದ ಮೇಲೆ ಅಮ್ಮ ಬೆಳ್ತಂಗಡಿ ಕಡೆಯ ಊರಿನ ಮನೆ ಬಿಟ್ಟು ಕುಲಶೇಖರದ ನಮ್ಮ ಹಂಚಿನ ಮನೆಗೆ ಬಂದಿದ್ದಳು. ಬಂದವಳಿಗೆ ಇಲ್ಲಿ ಮಾಡಲು ಏನೂ ಇರಲಿಲ್ಲ. ಸೊಸೆಯ ಅಡಿಗೆಮನೆಯಲ್ಲಿ ಕೈ ಹಾಕುವವಳಲ್ಲ. ಟಿ.ವಿ. ಎದುರು ಕೂತು ಧಾರಾವಾಹಿ ನೋಡುತ್ತಿದ್ದಳು, ಆದರೆ ಕಥೆ ಏನು ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ಅವಳು ಎಚ್ಚರವಾಗುತ್ತಿದ್ದದ್ದು ವರ್ಷಕ್ಕೊಮ್ಮೆ, ಜೂನ್ ಮೊದಲ ಗುಡುಗಿಗೆ. "ಈಗ ಗುಡ್ಡೆಗೆ ಹೋದರೆ ಕಲ್ಲಣಬೆ ಸಿಗ್ತದೆ" ಅಂತ ಎರಡು ದಿನ ಅದೇ ಮಾತು. ಕಲ್ಲಣಬೆ, ತುಳುವಿನ ಕಲ್ಲಲಾಂಬು, ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಮಣ್ಣಲ್ಲಿ ಅರ್ಧ ಹುಗಿದುಕೊಂಡಿರುವ ಗೋಲಿಯ ಹಾಗಿನ ಅಣಬೆ. ಕಚ್ಚಿದರೆ ಟಪ್ ಅನ್ನುತ್ತದೆ. ಮಂಗಳೂರಿನ ರಸ್ತೆ ಬದಿಯಲ್ಲಿ ಮಳೆ ಶುರುವಾದಾಗ ಕೆಲವೇ ದಿನ ಮಾರಾಟಕ್ಕೆ ಬರುತ್ತದೆ. ರೇಟು ಕೇಳಿದರೆ ಕೋಳಿ ಎಷ್ಟೋ ವಾಸಿ.

ನನ್ನ ತಲೆಗೆ ಹೋದದ್ದು ಅಲ್ಲಿಂದ. ಅಮ್ಮನಿಗೆ ಮನೆಯಲ್ಲೇ ಕಲ್ಲಣಬೆ ಬೆಳೆದು ಕೊಟ್ಟರೆ ಹೇಗೆ? ಓದುತ್ತಾ ಹೋದ ಹಾಗೆ ಅದು ಆಗದ ಹೋಗದ ಮಾತು ಅಂತ ತಿಳಿಯಿತು. ಕಲ್ಲಣಬೆ ಕಾಡಿನ ಮರಗಳ ಬೇರಿಗೆ ಅಂಟಿಕೊಂಡು ಬದುಕುವಂಥದ್ದು, ಕೊಡುವುದು ತೆಗೆದುಕೊಳ್ಳುವುದು ಎಲ್ಲ ಬೇರಿನ ಜೊತೆ. (ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊ. ಕೆ.ಆರ್. ಶ್ರೀಧರ್ ಮತ್ತು ಸಂಗಡಿಗರು ನಮ್ಮ ಘಟ್ಟದ, ಕರಾವಳಿಯ ಕಾಡು ಅಣಬೆಗಳ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ, ಆಸಕ್ತಿ ಇದ್ದವರು ಹುಡುಕಿ ಓದಿ.) ಹುತ್ತದ ಮೇಲೆ ಏಳುವ ದೊಡ್ಡ ಅಣಬೆಗೆ ಗೆದ್ದಲೇ ಬೇಕು. ಕೋಣೆಯಲ್ಲಿ ಮರವನ್ನೂ ಗೆದ್ದಲನ್ನೂ ಸಾಕಲಿಕ್ಕಾಗುತ್ತದಾ? ನಾವು ಬೆಳೆಯಬಹುದಾದದ್ದು ಸತ್ತ ಹುಲ್ಲು, ಮರ ತಿನ್ನುವ ಜಾತಿಗಳನ್ನು ಮಾತ್ರ. ಅದರಲ್ಲೂ ಹೋಟೆಲಿನವರು ಹೆಸರು ಹೇಳುವ ಶಿಟಾಕೆ, ಎನೋಕಿ ಎಲ್ಲ ತಂಪು ಕೇಳುವವು. ಬಟನ್ ಅಣಬೆ ಮೊಳೆಯಲು ಹದಿನೈದು, ಹದಿನೆಂಟು ಡಿಗ್ರಿ ಬೇಕು. ಮಂಗಳೂರಿನಲ್ಲಿ ಹದಿನೆಂಟು ಡಿಗ್ರಿ ಅಂದರೆ ಏಸಿ, ಏಸಿ ಅಂದರೆ ಕರೆಂಟು ಬಿಲ್ಲು. ಉಳಿದದ್ದು ಮಳೆಗಾಲಕ್ಕೆ ಚಿಪ್ಪಣಬೆ, ಸೆಕೆಗಾಲಕ್ಕೆ ಹಾಲಣಬೆ.

ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬಂದೆ. ಬೀಜ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಬೀಜ ಅಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳ್ಳಗೆ ಹಬ್ಬಿಸಿದ ಅಣಬೆಯ ನೂಲು. ಅಮ್ಮ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, "ಬೂಷ್ಟು ಬಂದ ಜೋಳಕ್ಕೆ ದುಡ್ಡು ಕೊಟ್ಟಿದ್ದೀಯಲ್ಲ ಮಗಾ" ಅಂದಳು.

ಕೆಲಸ ಹೇಳುವಾಗ ಬಹಳ ಸುಲಭ. ಹುಲ್ಲನ್ನು ರಾತ್ರಿಯಿಡೀ ನೆನೆಸಿ, ಮರುದಿನ ಎಂಬತ್ತು ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಸೋಸಿ, ಹರಡಿ ಆರಿಸಬೇಕು. ಮುಷ್ಟಿಯಲ್ಲಿ ಹಿಂಡಿದರೆ ನೀರು ಹನಿಯಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿಗೆ ಬೀಜ, ಮತ್ತೆ ಹುಲ್ಲು. ಒಂದು ಕಿಲೋ ಒಣಹುಲ್ಲಿಗೆ ಸುಮಾರು ನೂರು ಗ್ರಾಂ ಬೀಜ. ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ, ಕತ್ತಲೆಯಲ್ಲಿ ಹದಿನೈದಿಪ್ಪತ್ತು ದಿನ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ, ಬೆಳಕು ಗಾಳಿ ಕೊಟ್ಟು, ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಿದರೆ ಆಯ್ತು. ತೇವ ಬೇಕು ಅಂತ ಪುಸ್ತಕಗಳು ಪುಟಗಟ್ಟಲೆ ಹೇಳುತ್ತವೆ. ಮಂಗಳೂರಿನವರಿಗೆ ಅದನ್ನು ಹೇಳಬೇಕಾ ಮಾರಾಯ್ರೇ! ಜುಲೈಯಲ್ಲಿ ಇಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲದರ ಮೇಲೂ ಏನಾದರೊಂದು ಬೆಳೆದಿರುತ್ತದೆ :-)

ಅದೇ ಕಷ್ಟ ಅಂತ ಆಮೇಲೆ ಗೊತ್ತಾಯಿತು. ಎಲ್ಲವೂ ಬೆಳೆಯುವ ಊರಿನಲ್ಲಿ ನಮಗೆ ಬೇಕಾದ್ದು ಒಂದನ್ನೇ ಬೆಳೆಸುವುದು. ಮೊದಲ ಹತ್ತು ಚೀಲದಲ್ಲಿ ಎಂಟು ಹಸಿರಾದವು. ಟ್ರೈಕೋಡರ್ಮಾ. ನಮ್ಮ ಕಡೆಯ ಕೃಷಿಕರು ಕರಿಮೆಣಸಿನ ಬಳ್ಳಿಯ ರೋಗಕ್ಕೆ ದುಡ್ಡು ಕೊಟ್ಟು ತಂದು ಬೇವಿನ ಹಿಂಡಿಯಲ್ಲಿ ಕಲಸಿ ಹಾಕುತ್ತಾರಲ್ಲ, ಅದೇ ಕುಲದ್ದು. ನಮ್ಮ ಕೋಣೆಗೆ ಮಾತ್ರ ಕರೆಯದೇ ಬಂತು. ತಪ್ಪು ಹುಲ್ಲಿನದು ಅಂತ ಕಂಡುಹಿಡಿದದ್ದು ಅಮ್ಮ. ಮೂಸಿ ನೋಡಿ, "ಇದು ಮಳೆಗೆ ಸಿಕ್ಕಿದ ಹುಲ್ಲು. ದನವೂ ಮುಟ್ಟುವುದಿಲ್ಲ" ಅಂದಳು. ನಗರದ ಆಸುಪಾಸಿನಲ್ಲಿ ಗದ್ದೆ ಎಲ್ಲಿ ಉಳಿದಿದೆ? ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಹುಲ್ಲದು, ದಾರಿಯಲ್ಲೇ ನೆನೆದಿತ್ತು. ಮರುವರ್ಷದಿಂದ ಹುಲ್ಲು ಖರೀದಿಯ ಇಲಾಖೆ ಅಮ್ಮನದ್ದಾಯಿತು. ಫೆಬ್ರವರಿಯಲ್ಲೇ ತರಿಸಿ, ಬಿಸಿಲಿಗೆ ಹಾಕಿ, ಅಟ್ಟಕ್ಕೇರಿಸುವುದು. ತೆಂಗಿನ ಮಡಲಿನ ದಿಂಡು, ಗೊನೆಯ ಕಸವೂ ಆಗುತ್ತದೆ ಅಂತ ಕಾಸರಗೋಡಿನ ಸಿಪಿಸಿಆರ್‌ಐಯವರು 1998ರಲ್ಲೇ ಪ್ರಕಟಿಸಿದ್ದಾರೆ. ಅದನ್ನೂ ಮಾಡಿ ನೋಡಿದೆವು. ಅಣಬೆ ಚೆನ್ನಾಗಿಯೇ ಬಂತು, ಆದರೆ ದಿಂಡು ಕೊಚ್ಚಿ ಕೊಚ್ಚಿ ನನ್ನ ಭುಜ ಹೋಯಿತು.

ಉಳಿದ ಎರಡು ಚೀಲದಲ್ಲಿ ಒಂದು ಬೆಳಿಗ್ಗೆ ಸಾಸಿವೆ ಕಾಳಿನಷ್ಟು ಮೊಗ್ಗುಗಳು ಕಂಡವು. ಸಂಜೆಗೆ ಕಡಲೆಯಷ್ಟು. ಮೂರನೇ ದಿನಕ್ಕೆ ಅಂಗೈ ಅಗಲ. ಅಮ್ಮ ಆ ಮೂರು ದಿನ ಎಷ್ಟು ಸಲ ಆ ಕೋಣೆಗೆ ಹೋಗಿ ಬಂದಳೋ ಲೆಕ್ಕ ಇಲ್ಲ. ಗಸಿ ಮಾಡಿ ಬಡಿಸಿದಾಗ ಒಂದು ತುಂಡು ಬಾಯಿಗಿಟ್ಟು, "ಮಣ್ಣಿನ ಪರಿಮಳವೇ ಇಲ್ಲ" ಅಂತ ತೀರ್ಪು ಕೊಟ್ಟಳು. ಮತ್ತೆ ಎರಡು ಸಲ ಹಾಕಿಸಿಕೊಂಡಳು. ರಾತ್ರಿ ಒಂಬತ್ತಕ್ಕೆ ಟಿ.ವಿ. ಹಾಕುವುದನ್ನು ಮರೆತಿದ್ದಳು. ನಾನೂ ನೆನಪಿಸಲಿಲ್ಲ.

ಎರಡನೇ ವರ್ಷಕ್ಕೆ ನಲವತ್ತು ಚೀಲ ಆಯಿತು. ಚೀಲಕ್ಕೆ ನಂಬರು ಬರೆದು, ಬೀಜ ಹಾಕಿದ ದಿನ, ಸೀಳಿದ ದಿನ, ಕೊಯ್ದ ತೂಕ ಎಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮನ ಅಕ್ಷರದಲ್ಲೇ. ಮಾರುವ ವಿದ್ಯೆಯೂ ಅವಳದ್ದೇ. ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ಲವಾ, ಆಗ ಮೀನು ಸಿಗುವುದು ಕಡಿಮೆ, ಸಿಕ್ಕಿದರೂ ಬೆಂಕಿ ರೇಟು. "ಈ ಎರಡು ತಿಂಗಳು ಎಲ್ಲರ ನಾಲಿಗೆಯೂ ಖಾಲಿ" ಅಂದಳು. ಸರಿಯಾಗಿಯೇ ಹೇಳಿದ್ದಳು. ಪಕ್ಕದ ಮನೆಯ ಬಾಯಿ ಮೊದಲು ಒಯ್ದರು, ಸುಕ್ಕ ಮಾಡಿ ಅವರ ಚರ್ಚಿನವರಿಗೆಲ್ಲ ಹೇಳಿದರು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದವು, ನಮ್ಮ ಗಿರಾಕಿಗಳು ಬಂಗುಡೆ ಕಡೆಗೆ ಹೋದರು. ಚಿಪ್ಪಣಬೆ ಫ್ರಿಜ್ಜಿನಲ್ಲೂ ಮೂರು ನಾಲ್ಕು ದಿನದ ಮೇಲೆ ಮುಖ ಬಾಡಿಸಿಕೊಳ್ಳುತ್ತದೆ. ಹಾಗಾಗಿ ಉಳಿದದ್ದನ್ನು ಒಣಗಿಸಿದೆವು, ಕೊಟ್ಟೆವು, ತಿಂದೆವು. ಇನ್ನೊಂದು ಗೊಂದಲ ಅಂದರೆ ಸಂಕ್ರಮಣಕ್ಕೆ ಅಣಬೆ ತಿನ್ನಬಹುದಾ ಅಂತ. ಕೆಲವರಿಗೆ ಅದು ತರಕಾರಿ, ಕೆಲವರಿಗೆ ಅರ್ಧ ಮಾಂಸ. ಅಮ್ಮ ಎರಡೂ ಕಡೆಯವರಿಗೂ ಹೌದು ಹೌದು ಅನ್ನುತ್ತಿದ್ದಳು.

ಅದೇ 2023ರಲ್ಲಿ ವಾಮಂಜೂರಿನಲ್ಲಿ ಅಣಬೆ ಕಾರ್ಖಾನೆಯೊಂದರ ದುರ್ವಾಸನೆ ವಿರುದ್ಧ ಅಲ್ಲಿನ ಜನ ಪ್ರತಿಭಟನೆಗಿಳಿದಿದ್ದರು. ಕುಲಶೇಖರದಿಂದ ವಾಮಂಜೂರು ಎಷ್ಟು ದೂರ? ನಮ್ಮ ಓಣಿಯವರೂ ಗೇಟಿನ ಹತ್ತಿರ ನಿಂತು ಗಾಳಿ ಮೂಸತೊಡಗಿದರು. ಬಟನ್ ಅಣಬೆಗೆ ಹುಲ್ಲು, ಕೋಳಿಗೊಬ್ಬರ ಎಲ್ಲ ವಾರಗಟ್ಟಲೆ ಕೊಳೆಸಬೇಕು, ವಾಸನೆ ಅಲ್ಲಿಂದ ಬರುವುದು, ಚಿಪ್ಪಣಬೆಗೆ ಕೊಳೆಸುವ ಕೆಲಸವೇ ಇಲ್ಲ ಅಂತ ಒಬ್ಬೊಬ್ಬರನ್ನೇ ಕರೆದು ಕೋಣೆ ತೋರಿಸಿದೆ. ಒಳಗೆ ಒಳ್ಳೆಯ ತಂಪು ಪರಿಮಳ. "ಏನೂ ತೊಂದರೆ ಇಲ್ಲ ನೋಡಿ, ಗಾಳಿ ಎಷ್ಟು ಶುದ್ಧ" ಅಂತ ನಾನೇ ದೀರ್ಘ ಉಸಿರೆಳೆದು ತೋರಿಸಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಅಮ್ಮನಿಗೆ ಒಣಕೆಮ್ಮು ಶುರುವಾಯಿತು. ಸಂಜೆಯ ಹೊತ್ತಿಗೆ ಕೆಮ್ಮು, ರಾತ್ರಿ ಸಣ್ಣ ಜ್ವರ, ಮೈಕೈ ನೋವು, ಬೆಳಿಗ್ಗೆ ಏನೂ ಇಲ್ಲ. ಮಳೆಗಾಲದ ಕೆಮ್ಮು ಅಂತ ಕಷಾಯ ಮಾಡಿದೆವು. ಚಿಕ್ಕಮ್ಮನ ಮನೆಗೆ ಹೋಗಿ ಹತ್ತು ದಿನ ಇದ್ದಳು, ಅಲ್ಲಿ ಒಂದು ದಿನವೂ ಕೆಮ್ಮಲಿಲ್ಲ. ವಾಪಸು ಬಂದ ಮರುದಿನ ಮತ್ತೆ ಶುರು. ಮೆಟ್ಟಿಲು ಹತ್ತುವಾಗ ನಿಂತು ಉಸಿರೆಳೆದುಕೊಳ್ಳುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಶ್ವಾಸಕೋಶದ ಡಾಕ್ಟರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು, "ಮನೆಯಲ್ಲಿ ಪಾರಿವಾಳ ಉಂಟಾ?"

"ಪಾರಿವಾಳ ಇಲ್ಲ" ಅಂದೆ.

"ಅಣಬೆ ಉಂಟು, ನಲವತ್ತು ಚೀಲ" ಅಂತ ಅಮ್ಮ ಹೆಮ್ಮೆಯಿಂದ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು.

ಬಲಿತ ಚಿಪ್ಪಣಬೆ ಅಡಿಯ ಗೆರೆಗಳಿಂದ ಬೀಜಕಣ ಉದುರಿಸುತ್ತದೆ. ಎಷ್ಟು ಅಂದರೆ ಲೆಕ್ಕಕ್ಕೇ ಸಿಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ, ನೇರ ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಮುಚ್ಚಿದ ಕೋಣೆಯಲ್ಲಿ ದಿನಾ ಉಸಿರಾಡಿದರೆ ಕೆಲವರ ಮೈ ಅದಕ್ಕೆ ತಿರುಗಿಬೀಳುತ್ತದೆ. ಪಾರಿವಾಳ ಸಾಕುವವರಿಗೆ ಬರುವುದೂ ಇದೇ ಬಗೆಯ ಕಾಯಿಲೆ. ಅಮೆರಿಕದ ಡಾಕ್ಟರುಗಳು ಅಣಬೆ ಕೆಲಸಗಾರರಲ್ಲಿ ಇಂಥದ್ದನ್ನು 1959ರಲ್ಲೇ ವರದಿ ಮಾಡಿದ್ದರು. ಬಟನ್ ಅಣಬೆಯಲ್ಲಿ ಮುಖ್ಯ ತಪ್ಪಿತಸ್ಥ ಗೊಬ್ಬರದ ಧೂಳಿನ ಸೂಕ್ಷ್ಮಜೀವಿಗಳು, ಚಿಪ್ಪಣಬೆಯಲ್ಲಿ ಅಣಬೆಯದೇ ಬೀಜಕಣ. ಬೇಯಿಸಿ ತಿಂದರೆ ಈ ತೊಂದರೆ ಇಲ್ಲ. ತೊಂದರೆ ಇರುವುದು ಉಸಿರಾಡುವುದರಲ್ಲಿ.

ಮನೆಗೆ ಬಂದು ಅಣಬೆ ಕೋಣೆಯ ಬಾಗಿಲು ತೆಗೆದೆ. ಗೂಟಕ್ಕೆ ನೇತುಹಾಕಿದ್ದ ಅಮ್ಮನ ಕಪ್ಪು ಕೊಡೆಯ ಮೇಲೆ ತೆಳ್ಳಗೆ ಬಿಳಿ ಹುಡಿ. ಒಂದು ತಿಂಗಳಿನಿಂದ ನೋಡುತ್ತಿದ್ದೆ, ಬೂಷ್ಟು ಅಂದುಕೊಂಡಿದ್ದೆ. ಬೆರಳಿನಿಂದ ಗೀರಿದರೆ ಕಪ್ಪು ಗೆರೆ ಮೂಡಿತು. ಬೀಜಕಣದ ವಿಷಯ ನಾನು ಓದಿರಲಿಲ್ಲವಾ? ಓದಿದ್ದೆ. ಒಂದು ಪುಟ್ಟ ಪುಸ್ತಕದ ಕೊನೆಯಲ್ಲಿ ಎರಡು ಸಾಲು ಇತ್ತು. ಕಿಲೋ ಹುಲ್ಲಿಗೆ ಎಷ್ಟು ಅಣಬೆ ಬರುತ್ತದೆ ಅನ್ನುವ ಪುಟವನ್ನು ನಾಲ್ಕು ಸಲ ಓದಿ, ಈ ಸಾಲನ್ನು ದಾಟಿ ಹೋಗಿದ್ದೆ.

ಎಲ್ಲ ಚೀಲ ಹೊರಗೆ ಹಾಕಿ, ಕೋಣೆ ತೊಳೆದು, "ಇನ್ನು ಸಾಕು" ಅಂದೆ. ಅಮ್ಮ ಏನೂ ಹೇಳಲಿಲ್ಲ. ಮೂರು ತಿಂಗಳಲ್ಲಿ ಕೆಮ್ಮು ಹೋಯಿತು, ಉಸಿರಿನ ಪರೀಕ್ಷೆಯೂ ಸರಿ ಬಂತು. ಟಿ.ವಿ. ಮತ್ತೆ ಶುರುವಾಯಿತು. ಕಥೆ ಏನು ಅಂತ ಕೇಳಿದರೆ ಮತ್ತೆ ಗೊತ್ತಿಲ್ಲ. ಒಂದು ದಿನ ಊಟ ಮಾಡುವಾಗ ತಟ್ಟೆ ನೋಡುತ್ತಾ ಹೇಳಿದಳು, "ಫೆಬ್ರವರಿ ಬಂತು. ಹುಲ್ಲು ತರಿಸದಿದ್ದರೆ ಮತ್ತೆ ಒದ್ದೆ ಹುಲ್ಲೇ ಸಿಗುವುದು."

ಪೂರ್ತಿ ದೂರ ಇರುವುದೇ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದು ನಿಜ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೂ ನಾವು ಮನೆಯಲ್ಲಿ ಜಗಳ ಮಾಡಿ ಮಾಡಿ ಒಂದು ಒಪ್ಪಂದಕ್ಕೆ ಬಂದೆವು. ಕಂಪೌಂಡಿನ ತುದಿಯಲ್ಲಿ ಹಲಸಿನ ಮರದ ಕೆಳಗೆ, ನಾಲ್ಕೂ ಕಡೆ ಬಲೆ ಕಟ್ಟಿದ ಸಣ್ಣ ಚಪ್ಪರ. ಹನ್ನೆರಡೇ ಚೀಲ. ಹುಲ್ಲು ಕೊಡವಿ ಕತ್ತರಿಸುವುದು ನಾನು. ಬೆಂದ ಹುಲ್ಲು ಆರಿಸುವುದು, ಬೀಜ ಹಾಕಿ ಚೀಲ ಕಟ್ಟುವುದು ಅಮ್ಮ. ಆ ಹಂತದಲ್ಲಿ ಬೀಜಕಣ ಇರುವುದಿಲ್ಲ. ಮೊಗ್ಗು ಬಂದ ಮೇಲೆ ಚಪ್ಪರದೊಳಗೆ ಅವಳಿಗೆ ಪ್ರವೇಶ ಇಲ್ಲ. ಎನ್-95 ಮಾಸ್ಕು ಹಾಕಿ ನಾನೇ ಕೊಯ್ಯುವುದು, ಅದೂ ಟೊಪ್ಪಿಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ. ಅಂಚು ಮೇಲಕ್ಕೆ ಮಡಚಿತು ಅಂದರೆ ಹುಡಿ ಶುರುವಾಗಿದೆ ಅಂತ ಅರ್ಥ. ಎಳತರಲ್ಲಿ ಕೊಯ್ದರೆ ತೂಕ ಕಡಿಮೆ. ಕ್ಯಾಲೆಂಡರಿನಲ್ಲಿ ಗ್ರಾಂ ಬರೆಯುವಾಗ ಅಮ್ಮನ ಮುಖ ನೋಡಬೇಕು.

ಒಮ್ಮೆ ನಾನು ಆಫೀಸಿಗೆ ಹೋದಾಗ ಒಳಗೆ ಹೋಗಿದ್ದಳು. ಹೇಗೆ ಗೊತ್ತಾಯಿತು ಅಂದರೆ, ಮೊಗ್ಗು ಎಷ್ಟು ಬಂದಿದೆ ಅಂತ ಅವಳೇ ಸಂಜೆ ಬಾಯಿ ತಪ್ಪಿ ಲೆಕ್ಕ ಹೇಳಿದಳು. ನಾನು ಬೈದೆ. "ಗಾಳಿ ಆ ಕಡೆಯಿಂದ ಬರುತ್ತಿತ್ತು" ಅಂದಳು. ಅಂದಿನಿಂದ ಚಪ್ಪರದ ಬಾಗಿಲಿಗೆ ಬೀಗ ಹಾಕಿ ಕೀ ನನ್ನ ಕಿಸೆಯಲ್ಲಿಟ್ಟುಕೊಳ್ಳುತ್ತೇನೆ. ಎಪ್ಪತ್ತೆರಡು ವರ್ಷದ ತಾಯಿಗೆ ಬೀಗ ಹಾಕುವುದು ಹೇಗಿರುತ್ತದೆ ಅಂತ ಬರೆಯಲು ಹೋಗುವುದಿಲ್ಲ.

ಈಗ ಇದನ್ನು ಟೈಪ್ ಮಾಡುವಾಗ ಹೊರಗೆ ಜೋರು ಮಳೆ. ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಚಪ್ಪರದ ಕಡೆ ಟಾರ್ಚು ಬಿಡುತ್ತಿದ್ದಾಳೆ. ಏಳನೇ ನಂಬರಿನ ಚೀಲ ನಾಳೆ ಆರು ಗಂಟೆಗೆ ಮೊದಲೇ ಕೊಯ್ಯಬೇಕಂತೆ. ಅಲಾರಂ ಇಟ್ಟುಕೊಳ್ಳಬೇಕು.