ತುಕ್ಕಿನ ಕೆಳಗಿನ ಹಸಿರು

'ತುಕ್ಕು' ಎಂಬ ಪದವನ್ನು ನಾವು ಆಲಸ್ಯ, ನಿರುಪಯೋಗ, ಅವನತಿ ಎಂಬ ಅರ್ಥಗಳಲ್ಲಿಯೇ ಬಳಸುತ್ತ ಬಂದಿದ್ದೇವೆ. ಆದರೆ ಲೋಹದ ಸ್ವಭಾವವನ್ನು ಬಲ್ಲವರು ಹೇಳುವ ಅರ್ಥ ಬೇರೆಯೇ ಇದೆ. ಸಂಡೂರಿನ ಬೆಟ್ಟಗಳಲ್ಲಿ ದೊರೆಯುವ ಕೆಂಪು ಅದಿರು ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತು. ಕುಲುಮೆಯ ಉರಿಯಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದಾಗ ನಮಗೆ ಕಬ್ಬಿಣ ಸಿಗುತ್ತದೆ. ಅದೇ ಕಬ್ಬಿಣ ಗಾಳಿ ಮತ್ತು ನೀರಿನ ಸಂಗದಲ್ಲಿ ಪುನಃ ಆಮ್ಲಜನಕವನ್ನು ಕೂಡಿಕೊಂಡು ಕೆಂಪಾಗುವುದೇ ತುಕ್ಕು. ಅಂದರೆ ಕಬ್ಬಿಣವು ತಾನು ಬಂದ ಸ್ಥಿತಿಯ ಕಡೆಗೇ ಮರಳುತ್ತಿರುತ್ತದೆ. ಹಾಗಾದರೆ ಹಳೆಯ ವಾಹನವೊಂದನ್ನು 'ಮೂಲಸ್ಥಿತಿಗೆ ತರುತ್ತೇನೆ' ಎನ್ನುವವನು ಯಾವ ಮೂಲವನ್ನು ಕುರಿತು ಹೇಳುತ್ತಾನೆ? ಮೂರು ವರ್ಷಗಳಿಂದ ಸುರೇಬಾನದ ನಮ್ಮ ಹಿತ್ತಿಲಿನಲ್ಲಿ, ಸಂಜೆಯ ಬಿಡುವಿನ ಹವ್ಯಾಸವಾಗಿ, ಸೇನೆಯ ಹಳೆಯ ಶಕ್ತಿಮಾನ್ ಲಾರಿಯೊಂದನ್ನು ದುರಸ್ತಿ ಮಾಡುತ್ತಿರುವ ನನ್ನನ್ನು ಈ ಪ್ರಶ್ನೆ ಬಿಟ್ಟಿಲ್ಲ.

ಶಕ್ತಿಮಾನ್ ಎಂಬ ಹೆಸರನ್ನೇ ಗಮನಿಸಿರಿ. ನಮ್ಮ ಕಿವಿಗೆ ಅದು 'ಶಕ್ತಿಯುಳ್ಳವನು' ಎಂಬರ್ಥದ ಸಂಸ್ಕೃತ ಶಬ್ದ. ಜರ್ಮನಿಯವರ ಕಿವಿಗೆ ಅದರ ಉತ್ತರಾರ್ಧ ತಮ್ಮ ನಾಡಿನ ಕಂಪನಿಯ ಹೆಸರು. ಔಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್ ನಗರಗಳ ಹೆಸರನ್ನು ಹೊತ್ತ 'ಮಾನ್' ಕಂಪನಿಯಿಂದ ಪರವಾನಗಿ ಪಡೆದು, ವಿ. ಕೆ. ಕೃಷ್ಣ ಮೆನನ್ ಅವರು ರಕ್ಷಣಾ ಮಂತ್ರಿಗಳಾಗಿದ್ದ ಕಾಲದಲ್ಲಿ, 1959ರಿಂದ ಜಬಲ್ಪುರದಲ್ಲಿ ಈ ಲಾರಿಗಳು ತಯಾರಾಗತೊಡಗಿದವು. 1969ರಲ್ಲಿ ಅಲ್ಲಿಯೇ ಪ್ರತ್ಯೇಕ ವಾಹನ ಕಾರ್ಖಾನೆ ಆರಂಭವಾಯಿತು. 1996ರವರೆಗೂ ಶಕ್ತಿಮಾನ್ ಹೊರಬರುತ್ತಿತ್ತು; ಅನಂತರ ಅದರ ಸ್ಥಾನವನ್ನು ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ತುಂಬಿತು. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿನ ಮೊದಲ ಯಶಸ್ವಿ ಮಾದರಿಯನ್ನು 1897ರಲ್ಲಿ ನಿಲ್ಲಿಸಿ ತೋರಿಸಿದ್ದು ಇದೇ ಕಂಪನಿಯ ಔಗ್ಸ್‌ಬರ್ಗ್ ಕಾರ್ಖಾನೆಯಲ್ಲಿ ಎಂಬುದನ್ನು ಓದಿದ ಮೇಲೆ, ನಮ್ಮ ಹಿತ್ತಿಲಿನ ಆರು ಸಿಲಿಂಡರಿನ ಎಂಜಿನ್ನನ್ನು ಮುಟ್ಟುವಾಗ ನನ್ನ ಕೈ ಕೊಂಚ ಮೆತ್ತಗಾಗಿದೆ.

ಸೇವೆ ಮುಗಿದ ಸೇನಾ ವಾಹನಗಳನ್ನು ಹರಾಜಿನಲ್ಲಿ ಮಾರುವ ಪದ್ಧತಿ ಹಳೆಯದು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಇಲ್ಲಿಯೇ ಉಳಿದ ಜೀಪುಗಳೂ ಲಾರಿಗಳೂ ಹೀಗೆಯೇ ಜನರ ಕೈಸೇರಿದವು. ನಮ್ಮ ಲಾರಿಯೂ ಯಾವುದೋ ಹರಾಜಿನಿಂದ ಈ ಕಡೆಗೆ ಬಂದು, ಬಹುಕಾಲ ಕಲ್ಲು ಸಾಗಿಸಿ, ಕೊನೆಗೆ ರಸ್ತೆಯ ಬದಿಯ ಜಾಲಿಯ ಪೊದೆಯಲ್ಲಿ ನಿಂತುಬಿಟ್ಟಿತ್ತು. ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿ, ಗ್ಯಾಸ್ ಕಟರ್ ತರಲು ದಿನ ಗೊತ್ತುಮಾಡಿದ್ದರು. ಅದೇ ಬೆಲೆಗೆ ನಾನು ಕೊಂಡೆನು. ಮನೆಯಲ್ಲಿ ಇದನ್ನು ಮೆಚ್ಚಿದವರು ಯಾರೂ ಇರಲಿಲ್ಲ.

ಕೊಳ್ಳಲು ಕಾರಣ ನಮ್ಮ ಕಾಕಾ. ಅವರು ಬೆಂಗಳೂರಿನ ಎ.ಎಸ್.ಸಿ. ಕೇಂದ್ರದಲ್ಲಿ ತರಬೇತಿ ಪಡೆದು, 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಶಕ್ತಿಮಾನ್ ಓಡಿಸಿದವರು. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಗೊಂಡವರು. ಇಷ್ಟನ್ನು ಮಾತ್ರ ಅವರು ಹೇಳುತ್ತಾರೆ. ಐವತ್ತು ವರ್ಷ ಕಳೆದರೂ ಮುಂದಿನ ಮಾತನ್ನು ನಾವು ಕೇಳಿಲ್ಲ, ಅವರೂ ಹೇಳಿಲ್ಲ. ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ದಿನ ಅವರು ಬಂದು ಸುತ್ತಲೂ ತಿರುಗಿ ನೋಡಿದರು. "ಇದು ನಾ ಓಡಿಸಿದ್ದಲ್ಲೋ ತಮ್ಮಾ, ಇದರ ಅಣ್ಣ ಅದು" ಎಂದರು. ಬಾನೆಟ್ಟಿನ ಮೇಲೆ ಕೈಯಿಟ್ಟರು. ಹಿಂದಿನ ಫಾಳಕಿಯ ಹತ್ತಿರ ಮಾತ್ರ ಹೋಗಲಿಲ್ಲ.

ಕೆಲಸದ ವಿವರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಈ ಹವ್ಯಾಸದ ರುಚಿಯೆಲ್ಲ ಅದರಲ್ಲಿಯೇ ಇದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಎರಡು ತಗಡುಗಳ ಸಂದಿಯಲ್ಲಿ ಹುಟ್ಟಿದ ತುಕ್ಕು ದಪ್ಪ ತಗಡನ್ನೂ ಉಬ್ಬಿಸಿ ರಿವೆಟ್ಟನ್ನು ಕಿತ್ತುಬಿಡುತ್ತದೆ. ಬೋಲ್ಟು ನಟ್ಟಿನೊಳಗೆ ಬಿಗಿದು ಕುಳಿತಿರುತ್ತದೆ. ಅದಕ್ಕೆ ಪಾನಾ ಹಾಕಿ ಬಲ ತೋರಿಸಿದರೆ ಬೋಲ್ಟೇ ಮುರಿಯುತ್ತದೆ. ಡೀಸೆಲ್ ಸುರಿದು, ಕಾಯಿಸಿ, ಆರಲು ಬಿಟ್ಟು, ಮರುದಿನ ಮತ್ತೆ ಡೀಸೆಲ್ ಸುರಿಯಬೇಕು. ಚಿಕ್ಕ ಭಾಗಗಳಿಗೆ ಇನ್ನೊಂದು ಉಪಾಯವಿದೆ. ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಕಟ್ಟಿ ಮುಳುಗಿಸಿದರೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಸಡಿಲಾಗಿ ಕಪ್ಪು ಕೆಸರಿನಂತೆ ಉಜ್ಜಿದರೆ ಬರುತ್ತದೆ. ಒಳ್ಳೆಯ ಲೋಹಕ್ಕೆ ಕಿಂಚಿತ್ತೂ ಪೆಟ್ಟಾಗುವುದಿಲ್ಲ. ಆದರೆ ಧನ ತಂತಿಗೆ ಸ್ಟೀಲನ್ನು ಕಟ್ಟಬಾರದು, ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೊಮ್ಮುವ ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಈ ಕೆಲಸ ಬಯಲಿನಲ್ಲಿಯೇ ಆಗಬೇಕು. ಯುವಕರು ಯಾರಾದರೂ ಈ ಕಡೆ ಒಲಿದರೆ ಇವೆರಡನ್ನು ಮರೆಯದಿರಲಿ.

ಎಂಜಿನ್ ಪೂರ್ತಿಯಾಗಿ ಹಿಡಿದುಕೊಂಡಿತ್ತು. ಇಂಜೆಕ್ಟರುಗಳನ್ನು ಬಿಚ್ಚಿ, ಆರೂ ಸಿಲಿಂಡರಿಗೆ ಡೀಸೆಲ್ ತುಂಬಿ, ವಾರಕ್ಕೊಮ್ಮೆ ಕ್ರ್ಯಾಂಕಿಗೆ ಕಬ್ಬಿಣದ ಸಲಾಕೆ ಹಾಕಿ ನೋಡುತ್ತಿದ್ದೆವು. ಏಳನೆಯ ವಾರದಲ್ಲಿ ಅದು ಒಂದು ಬೆರಳಿನಷ್ಟು ಸರಿಯಿತು. ಕಾಕಾ ಅಂದು ರಾತ್ರಿ ಊಟಕ್ಕೆ ನಮ್ಮಲ್ಲಿಯೇ ಉಳಿದರು.

ಬಣ್ಣ ಕೆರೆಯಲು ಆರಂಭಿಸಿದ ಮೇಲೆ ನಿಜವಾದ ವಾದ ಹುಟ್ಟಿತು. ಮೇಲೆ ಅರ್ಧ ಉದುರಿದ ನೀಲಿ, ಅದರ ಕೆಳಗೆ ಹಳದಿ, ಅದರ ಕೆಳಗೆ ಸೇನೆಯ ಹಸಿರು. ಮುಂದಿನ ಬಂಪರಿನ ಹಸಿರಿನಲ್ಲಿ ಮೇಲ್ಮುಖವಾದ ಬಾಣದ ಗುರುತು ಮತ್ತು 78 ಎಂಬ ಅಂಕಿ ಮಸುಕಾಗಿ ಕಂಡವು. ಸೇನಾ ವಾಹನದ ಸಂಖ್ಯೆಯಲ್ಲಿ ಬಾಣದ ನಂತರ ಬರುವ ಎರಡಂಕಿ ವಾಹನ ಸೇನೆಗೆ ಸೇರಿದ ವರ್ಷವನ್ನು ಸೂಚಿಸುತ್ತದೆ. ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಸಂಭ್ರಮವೋ ಸಂಭ್ರಮ. "ಪೂರಾ ಹಸರ ಹಚ್ಚೂಣು, ಅದೇ ಒರಿಜಿನಲ್" ಎಂದನು. ನನಗೂ ಆ ಆಸೆ ಇದ್ದಿತು.

ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು, ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ವಾಹನಕ್ಕೆ ಆಲಿವ್ ಹಸಿರನ್ನು ಹಚ್ಚಬಾರದೆಂದು ಹೇಳುತ್ತದೆ. 2021ರಲ್ಲಿ ಪುರಾತನ ವಾಹನಗಳಿಗೆಂದೇ ಬಂದ ನಿಯಮಗಳು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳನ್ನು ಮಾತ್ರ ಆ ವರ್ಗಕ್ಕೆ ಸೇರಿಸುತ್ತವೆ; ನಮ್ಮ ಲಾರಿಗೆ ಇನ್ನೂ ಆ ವಯಸ್ಸಾಗಿಲ್ಲ. "ರಸ್ತೆಗಂತೂ ಇಳಸೂದಿಲ್ಲ, ಹಿತ್ತಲದಾಗ ಯಾರು ನೋಡ್ತಾರ?" ಎಂಬುದು ಮಗನ ವಾದ. ಮೂಲಕ್ಕೆ ನಿಷ್ಠೆ ಒಂದು ಕಡೆ, ಕಾಯಿದೆ ಇನ್ನೊಂದು ಕಡೆ. ನಿರ್ಣಯವನ್ನು ಕಾಕಾ ಅವರಿಗೆ ಬಿಟ್ಟೆವು. ಅವರು ಹಸಿರನ್ನೇ ಬಯಸುವರೆಂದು ನಾವು ತಿಳಿದಿದ್ದೆವು.

ಅವರು ಬಹಳ ಹೊತ್ತು ಬಂಪರಿನ ಬಾಣವನ್ನೇ ನೋಡಿದರು. "ಹಸರ ಅಂದ್ರ ಹುಕುಂ, ತಮ್ಮಾ. ಹುಕುಂ ಮುಗದ ಗಾಡಿಗೆ ಹಸರ ಯಾಕ? ನಾ ಏನ್ ಇನ್ನೂ ವರ್ದಿ ಹಾಕ್ಕೊಂಡ್ ತಿರಗತೀನೇನು?" ಎಂದರು. ಮಗ ಮತ್ತೆ ಏನೋ ಹೇಳಹೋದಾಗ, "ಹಸರ ಗಾಡಿ ಹಿಂದ ಯಾರನ್ನ ಮಲಗಿಸಿಕೊಂಡ್ ಬಂದೇನಿ ಅನ್ನೂದು ನನಗ ಗೊತ್ತು" ಎಂದಷ್ಟೇ ಹೇಳಿ ಎದ್ದು ಹೋದರು.

ಅಂದಿನಿಂದ ವಾದ ನಿಂತಿತು. ರೆಡ್ ಆಕ್ಸೈಡ್ ಎರಡು ಸಲ ಹೊಡೆದು, ಅದರ ಮೇಲೆ ಕಲ್ಲು ಸಾಗಿಸುತ್ತಿದ್ದ ಕಾಲದ ನೀಲಿಯನ್ನೇ ಹಚ್ಚಿದ್ದೇವೆ. ಶಬರಿಕೊಳ್ಳದ ಯಾತ್ರೆಗೆ ಹೋಗುವ ಹಿರಿಯರು ಕೆಲವರು ಹಿತ್ತಿಲಿಗೆ ಇಣುಕಿ, 'ನಮ್ಮ ಮನೀ ಕಲ್ಲು ಹೊತ್ತ ಗಾಡಿ' ಎಂದು ಗುರುತಿಸುತ್ತಾರೆ. ರೆಡ್ ಆಕ್ಸೈಡ್ ಎಂಬುದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಸೋದರ ಎಂಬುದು ಇಲ್ಲಿ ಪ್ರಾಸಂಗಿಕವಾಗಿ ನೆನಪಾಗುತ್ತದೆ. ಫಾಳಕಿಯ ಒಳಬದಿಯಲ್ಲಿ ಅಂಗೈಯಷ್ಟು ಜಾಗವನ್ನು ಮಾತ್ರ ಕೆರೆದಂತೆಯೇ ಉಳಿಸಿ ಪಾರದರ್ಶಕ ವಾರ್ನಿಷ್ ಬಳಿದಿದ್ದೇನೆ. ಅಲ್ಲಿ ಮೂರೂ ಬಣ್ಣ ಕಾಣುತ್ತವೆ.

ಕಳೆದ ಯುಗಾದಿಯ ಮುನ್ನಾದಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಕೊಟ್ಟಾಗ ಎಂಜಿನ್ ತಿರುಗಿತಾದರೂ ಹತ್ತಲಿಲ್ಲ. ಕಾಕಾ ಕೋಲು ಊರಿಕೊಂಡು ಬಂದು, ಪಂಪಿನ ನಟ್ಟನ್ನು ಕೈಯಿಂದಲೇ ತಡವಿ ಹುಡುಕಿ ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಗಾಳಿ ತೆಗೆಸಿದರು. ಮೂರನೆಯ ಸಲಕ್ಕೆ ಬಿಳಿಯ ಹೊಗೆ, ಆಮೇಲೆ ಕರಿಯ ಹೊಗೆ, ಆಮೇಲೆ ಸದ್ದು. ಐವತ್ತು ಹೆಜ್ಜೆ ಮುಂದೆ, ಐವತ್ತು ಹೆಜ್ಜೆ ಹಿಂದೆ ಓಡಿಸಿದೆವು. ಸ್ಟೇರಿಂಗ್ ಹಿಡಿಯಿರಿ ಎಂದರೆ ಕಾಕಾ ಒಲ್ಲೆನೆಂದರು. ಪಕ್ಕದ ಸೀಟಿನಲ್ಲಿ ಕುಳಿತು ಗೇರಿನ ಸದ್ದನ್ನು ಮಾತ್ರ ಕೇಳುತ್ತಿದ್ದರು. ಮುಂದಿನ ಆಕ್ಸಲಿನ ಸೀಲು ಇನ್ನೂ ಸೋರುತ್ತಿದೆ. ಹುಬ್ಬಳ್ಳಿಯ ಗುಜರಿಯಲ್ಲಿ ಒಂದು ಸಿಕ್ಕೀತು ಎಂದಿದ್ದಾರೆ, ಬರುವ ಸೋಮವಾರ ಹೋಗಿ ನೋಡಬೇಕು.